ಮೊದಲು ಎದ್ದ, ಆಮೇಲೆ ಬಿದ್ದ

ಪರದೆಯ ಮೇಲೆ ನಾಯಕ ತನ್ನ ಮದುವೆಯಲ್ಲಿ ಕುಣಿದು ಮುಗಿಸಿದ್ದ. ಮರುಕ್ಷಣವೇ ಸುಣ್ಣದ ಬಕೆಟ್ ಹಿಡಿದು ಏಣಿ ಹತ್ತತೊಡಗಿದ. ಐವತ್ತರ ದಶಕದಲ್ಲಿ, ಬಿನ್ನಿಪೇಟೆಯ ಟೆಂಟ್ ಸಿನಿಮಾದಲ್ಲಿ ಆಪರೇಟರು ಅವಸರದಲ್ಲಿ ರೀಲುಗಳನ್ನು ಹಿಂದುಮುಂದಾಗಿ ಹಾಕಿಬಿಟ್ಟಿದ್ದ.

ಎಲ್ಲರೂ ಹಿಂದೆಯೇ ನೋಡಿದ್ದ ಚಿತ್ರ. ನಾಯಕ ಏಣಿಯಿಂದ ಬೀಳುವ ಮೊದಲೇ ಜನ ನಗುತ್ತಿದ್ದರು. ನಾನು ಮಾತ್ರ ಸೆರಗನ್ನು ಬಾಯಿಗೊತ್ತಿಕೊಂಡಿದ್ದೆ. ಮಿಲ್ಲಿನಲ್ಲಿ ಏಣಿಯಿಂದ ಬಿದ್ದ ನನ್ನ ಯಜಮಾನರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದರು. ಮತ್ತೆ ನಡೆಯುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಅತ್ತೆಯೇ ಬಲವಂತ ಮಾಡಿ ನನ್ನನ್ನು ಕರೆತಂದಿದ್ದರು.

ನಾಯಕ ಸುಣ್ಣದ ಬಕೆಟ್ ಸಮೇತ ದೊಪ್ಪನೆ ಬಿದ್ದ. ಅತ್ತೆ ನನ್ನ ಪಕ್ಕೆಗೆ ತಿವಿದು, “ನಗು ಕಣೇ. ಅವನು ಎದ್ದು ಕುಣಿದಿದ್ದನ್ನ ಆಗ್ಲೇ ನೋಡಿದೀವಲ್ಲ,” ಅಂದರು. ಟೆಂಟಿನ ಮರಳಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಮುಂದೆ ಅದೇ ಚಿತ್ರ ಮತ್ತೆ ಬಂದಾಗ ರೀಲುಗಳು ಸರಿಯಾಗಿಯೇ ಓಡಿದವು. ಆದರೂ ಏಣಿ ಕಂಡೊಡನೆ ನನಗೆ ನಗು ಉಕ್ಕಿತು. ಅಷ್ಟರಲ್ಲಿ ತಡಿಕೆಯಾಚೆ, ಗಂಡಸರ ಕಡೆಯಿಂದ, ಮನೆಯಿಂದ ನಡೆದುಕೊಂಡೇ ಬಂದಿದ್ದ ಯಜಮಾನರ ನಗು ನನ್ನದಕ್ಕಿಂತ ಮೊದಲೇ ಕೇಳಿಸಿತು.