ಹೆಗಲು ಕೊಡುವವರು

2014ರಲ್ಲಿ ನಾನು ಸಿಯಾಟಲ್ ಬಳಿಯ ಬಾಥೆಲ್‌ನಲ್ಲಿ, ಕ್ಯಾನ್ಯನ್ ಪಾರ್ಕ್ ಎಂಬ ಕಚೇರಿ ಬಡಾವಣೆಯ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದೆ. ಮಿಲಿಟರಿ ಡ್ರೋನ್‌ಗಳು ಆಕಾಶದಿಂದ ತೆಗೆದ ವಿಡಿಯೊದಲ್ಲಿ ಏನಿದೆ ಎಂದು ಗುರುತಿಸುವ ಸಾಫ್ಟ್‌ವೇರ್ ನಮ್ಮದು. ಪಕ್ಕದ ಕಟ್ಟಡದಲ್ಲಿ ಲಸಿಕೆಯ ಸಂಶೋಧನೆ ನಡೆಯುತ್ತಿತ್ತು. ಪಾರ್ಕಿಂಗ್ ಮಾತ್ರ ಇಬ್ಬರಿಗೂ ಒಂದೇ. ಇಸವಿ 2015 ಇದ್ದರೂ ಇರಬಹುದು. ನೆನಪನ್ನು ಸಾಕ್ಷಿಯೆಂದು ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನದನ್ನಂತೂ ನಂಬುವುದೇ ಇಲ್ಲ.

ಮೇಲಿನಿಂದ ನೋಡಿದರೆ ಮನುಷ್ಯ ಒಂದು ಚುಕ್ಕೆ. ಅವನ ಆಕಾರ ತಿಳಿಯುವುದು ನೆರಳಿನಿಂದ. ಹೆಗಲ ಮೇಲೆ ಉದ್ದನೆಯದೇನೋ ಇರುವ ಗುಂಪು ಕಂಡರೆ ಸಾಫ್ಟ್‌ವೇರ್ ಅದರ ಸುತ್ತ ಕೆಂಪು ಚೌಕ ಹಾಕಿ 'ಶಸ್ತ್ರಸಹಿತ ಗುಂಪು' ಎನ್ನುತ್ತಿತ್ತು. ಯಂತ್ರ ಕೊಡುವ ಇಂಥ ಹೆಸರಿಗೆ ನಾವು 'ಕ್ಲಾಸ್' ಎನ್ನುತ್ತೇವೆ. ಯಾವ ಯಾವ ಕ್ಲಾಸ್ ಬೇಕೆಂದು ತೀರ್ಮಾನಿಸುವವರು ಗ್ರಾಹಕರು, ಅಂದರೆ ಮಿಲಿಟರಿಯವರು.

ಒಂದು ಮಧ್ಯಾಹ್ನ ಪಕ್ಕದ ಮೇಜಿನ ಲವೀನಾ ಕರೆದಳು. ಮಂಗಳೂರು ಕಡೆಯವಳು. ಪರೀಕ್ಷೆಗೆಂದು ಕೊಟ್ಟಿದ್ದ ಹಳೆಯ ವಿಡಿಯೊವೊಂದು ಅವಳ ಪರದೆಯ ಮೇಲಿತ್ತು. ಯಾವ ದೇಶದ್ದೆಂದು ನಮಗೆ ಹೇಳಿರಲಿಲ್ಲ. ಕೆಂಪು ಚೌಕದೊಳಗೆ ಚುಕ್ಕೆಗಳು ಸಾಗುತ್ತಿದ್ದವು.

"ಇದು ರಾಕೆಟ್ಟೂ ಅಲ್ಲ, ಎಂತದೂ ಅಲ್ಲ ಮಾರಾಯ. ಹೆಣ ಹೊತ್ಕೊಂಡು ಹೋಗ್ತಾ ಇದ್ದಾರೆ."

"ಚುಕ್ಕೆ ನೋಡಿ ಅದು ಹೆಂಗೆ ಹೇಳ್ತೀಯಾ?"

"ನಮ್ಮ ಮನೆ ಎದುರೇ ಮಸೀದಿ ಉಂಟು. ನೋಡು, ಹಿಂದಿನವರು ಓಡಿ ಮುಂದೆ ಬರ್ತಾರೆ, ಸ್ವಲ್ಪ ದೂರ ಹೆಗಲು ಕೊಡ್ತಾರೆ, ಮತ್ತೆ ಹಿಂದೆ ಸರೀತಾರೆ. ಎಲ್ಲರಿಗೂ ಪುಣ್ಯ ಬೇಕಲ್ಲ! ಹೊತ್ತದ್ದು ಮಾತ್ರ ನಿಲ್ಲುವುದೇ ಇಲ್ಲ. ನಿಮ್ಮ ಮೈಸೂರಲ್ಲಿ ಹೆಣಕ್ಕೂ ವ್ಯಾನಾ?"

ಮತ್ತೆ ನೋಡಿದೆ. ಅವಳು ಹೇಳಿದಂತೆಯೇ ಇತ್ತು.

ಮ್ಯಾನೇಜರ್ ಗ್ರೆಗ್ ಮೊದಲು ಒಪ್ಪಲಿಲ್ಲ. 'ಶವಯಾತ್ರೆ' ಎಂಬ ಕ್ಲಾಸನ್ನು ಗ್ರಾಹಕರು ಕೇಳಿಯೇ ಇಲ್ಲ ಎಂದ. ಲವೀನಾ ಬಿಡಲಿಲ್ಲ. ಈ ಕೆಂಪು ಚೌಕವನ್ನು ನಂಬಿ ಯಾರಾದರೂ ಕ್ಷಿಪಣಿ ಬಿಟ್ಟರೆ ಹೆಣ ಹೊತ್ತವರೂ ಹೆಣವಾಗುತ್ತಾರೆ ಎಂದಳು. ಕೊನೆಗೆ ಅವನು ಒಪ್ಪಿದ.

ಆಕಾರವನ್ನು ಬಿಟ್ಟು ನಡಿಗೆಯನ್ನು ಯಂತ್ರಕ್ಕೆ ಕಲಿಸಿದೆವು: ನಡುವಿನದು ಒಂದೇ ವೇಗದಲ್ಲಿ ಸಾಗುವುದು, ಸುತ್ತಲಿನ ಚುಕ್ಕೆಗಳು ಸರದಿಯಂತೆ ಹತ್ತಿರ ಬಂದು ದೂರವಾಗುವುದು. ಅದೇ ವಿಡಿಯೊ ಮತ್ತೆ ಹಾಕಿದಾಗ ಚೌಕ ಹಸಿರಾಗಿ 'ಶವಯಾತ್ರೆ' ಎಂದಿತು. ಲವೀನಾ ಮಧ್ಯಾಹ್ನದ ಊಟಕ್ಕೆ ನೀರುದೋಸೆ ತಂದು ಎಲ್ಲರಿಗೂ ಹಂಚಿದಳು. ಅದು ಅದೇ ವಾರವೋ ಮುಂದಿನದೋ ಹೇಳಲಾರೆ.

ಗ್ರಾಹಕರ ಕಡೆಯಿಂದ ಒಬ್ಬ ಅಧಿಕಾರಿ ನೋಡಲು ಬಂದ. ಮೆಲುಮಾತಿನ ಮನುಷ್ಯ. ಹಸಿರು ಚೌಕವನ್ನು ಎರಡು ಸಲ ಹಾಕಿಸಿ ನೋಡಿದ.

"ತುಂಬ ಒಳ್ಳೆಯ ಕೆಲಸ," ಎಂದ. "ಇದು ಕಂಡ ಕೂಡಲೇ ನಮಗೆ ಅಲರ್ಟ್ ಬರುವಂತೆ ಮಾಡಿ. ಡ್ರೋನ್ ಅಲ್ಲೇ ಸುತ್ತುತ್ತಿರುತ್ತದೆ. ಸತ್ತವನು ಯಾರೆಂದು ಬಹಳ ಸಲ ನಮಗೆ ಮೊದಲೇ ಗೊತ್ತಿರುತ್ತದೆ. ನಾವು ಹುಡುಕುತ್ತಿರುವವನು ಎಲ್ಲೇ ಅಡಗಿದ್ದರೂ ತನ್ನವನ ಹೆಣಕ್ಕೆ ಹೆಗಲು ಕೊಡಲು ಬಂದೇ ಬರುತ್ತಾನೆ."

ಅವನು ಹೋದ ಮೇಲೆ ಆ ಕ್ಲಾಸನ್ನು ತೆಗೆದುಬಿಡಬಹುದೇ ಎಂದು ಲವೀನಾ ಗ್ರೆಗ್‌ನನ್ನು ಕೇಳಿದಳು. "ನೀನೇ ಹಟ ಹಿಡಿದು ಹಾಕಿಸಿದ್ದಲ್ಲವೇ?" ಎಂದ ಅವನು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದ. ಅವಳು ಕೆಲಸ ಬಿಟ್ಟಳು. ಸಾಫ್ಟ್‌ವೇರ್ ಅಲರ್ಟ್ ಸಮೇತ ಗ್ರಾಹಕರ ಕೈಸೇರಿತು. ಅದನ್ನು ಎಲ್ಲಿ ಬಳಸಿದರು, ಬಳಸಿದರೋ ಇಲ್ಲವೋ, ನಮಗೆ ತಿಳಿಸುವವರಿರಲಿಲ್ಲ.

ಆ ವಿಡಿಯೊದಲ್ಲಿ ಒಬ್ಬ ಮುದುಕ ನನಗೆ ಈಗಲೂ ನೆನಪಿದ್ದಾನೆ. ಓಡಲಾಗದೆ ಹಿಂದುಳಿದು, ಹೇಗೋ ತಲುಪಿ, ಹೆಗಲು ಎಟುಕದೆ ಬೆರಳ ತುದಿಯಿಂದ ಹೆಣದ ಮಂಚವನ್ನು ಮುಟ್ಟಿ ಹಿಂದೆ ಸರಿದವನು. ಆದರೆ ಅಷ್ಟು ಎತ್ತರದಿಂದ ಬೆರಳು ಕಾಣುವುದಿಲ್ಲ, ವಯಸ್ಸೂ ಕಾಣುವುದಿಲ್ಲ. ಅವನನ್ನು ನಾನೇ ಸೇರಿಸಿರಬೇಕು.

ಯಂತ್ರ ತಪ್ಪು ಹೇಳಿದರೆ ತಿದ್ದಬೇಕೆಂದು ಆ ವೃತ್ತಿ ನನಗೆ ಮೊದಲ ದಿನವೇ ಕಲಿಸಿತ್ತು. ಅದು ಸರಿಯಾಗಿ ಹೇಳಿದಾಗ ಮಾಡುವುದಕ್ಕೇನೂ ಉಳಿದಿರುವುದಿಲ್ಲ ಎಂಬುದನ್ನು ಕಲಿತದ್ದು ಆ ಅಧಿಕಾರಿ ಬಂದ ದಿನ.