ಹೆಸರಿನ ಜಾಗ ಖಾಲಿ ಉಳಿದ ದೂರು

ನಮ್ಮ ಓಣಿಯಲ್ಲಿ ಯಾರಿಗೆ ಯಾವ ಅರ್ಜಿ ಬೇಕಾದರೂ ನನ್ನ ಹತ್ತಿರವೇ ಬರುತ್ತಾರೆ. ಕೊಟ್ಟೂರಿನ ಕಾಲೇಜೊಂದರಲ್ಲಿ ಗುಮಾಸ್ತಿಕೆ ಮಾಡಿ ಮಾಡಿ ಕೈ ಪಳಗಿದವಳು ನಾನು. ವಿಧವಾ ವೇತನ, ರೇಷನ್ ಕಾರ್ಡು, ಚರಂಡಿ ಕಟ್ಟಿಕೊಂಡ ತಕರಾರು, ಒಂದೊಂದಕ್ಕೂ ಒಂದು ಧಾಟಿ ಇದೆ, ಎಲ್ಲ ನನಗೆ ಬಾಯಿಪಾಠ. ಅದರ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆ ಜಂಬ ಇಳಿದದ್ದು ಒಡಹುಟ್ಟಿದ ಅಕ್ಕನ ದೂರು ಬರೆಯಲು ಕೂತಾಗ.

ಅಕ್ಕ ಹಡಗಲಿಯಲ್ಲಿ ಮಲ್ಲಿಗೆ ಕಟ್ಟಿ ಬದುಕುವವಳು, ಬಾಡಿಗೆ ಮನೆಯವಳು. ಭಾವ ತೀರಿಕೊಂಡ ದಿನ ಮನೆಯ ಮಾಲೀಕ ಹೆಣ ಒಳಗೆ ತರಬೇಡಿ ಎಂದುಬಿಟ್ಟ. ಬಾಡಿಗೆ ಮನೆಯಲ್ಲಿ ಹೆಣ ಇಟ್ಟರೆ ಮುಂದೆ ಯಾರೂ ಬರುವುದಿಲ್ಲವಂತೆ. ಆಸ್ಪತ್ರೆಯಿಂದ ತಂದ ಭಾವನನ್ನು ರಸ್ತೆಯ ಮಗ್ಗುಲಲ್ಲಿ, ನಮ್ಮ ಪದ್ಧತಿಯಂತೆ ಕೂರಿಸಿ, ಲೈಟಿನ ಕಂಬಕ್ಕೆ ಒರಗಿಸಿ ಪೂಜೆ ಮಾಡಿದೆವು. ಬೈಕುಗಳು ಹಾರನ್ ಹೊಡೆಯುತ್ತ ಹಾದು ಹೋದವು. ಅವತ್ತಿನಿಂದ ಅಕ್ಕನಿಗೆ ಒಂದೇ ಹಟ.

"ಗುಡಿಸಲಾದ್ರೂ ಸೈ, ನನ್ನ ಹೆಣ ಕುಂದ್ರಸಾಕ ನಂದು ಅಂತ ಒಂದು ಬಾಗಲಾ ಬೇಕು" ಎನ್ನುತ್ತಿದ್ದಳು.

ಆಗ ಬೀಗರು ಬಂದರು. ಅಕ್ಕನ ಒಬ್ಬಳೇ ಮಗಳನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದೇವೆ. ಬಂದವರು ಅಳಿಯನ ಸೋದರಮಾವ, ಸೈಟಿನ ದಲ್ಲಾಳಿ. ಕೂಡ್ಲಿಗಿ ರಸ್ತೆಯ ಹೊಲವೊಂದರಲ್ಲಿ ಕಲ್ಲು ನೆಟ್ಟ ಸೈಟು ತೋರಿಸಿದರು. ಅಕ್ಕ ಬೋರಮಾಳದ ಚಿನ್ನದ ಸರ ಮಾರಿ ದುಡ್ಡು ಕೊಟ್ಟಳು. ರಸೀದಿಯ ಮಾತೆತ್ತಲು ನಾನು ಬಾಯಿ ತೆರೆದೆ, ಅಕ್ಕ ಚಿವುಟಿದಳು. ಹೆಣ್ಣು ಕೊಟ್ಟ ಮನೆಯವರನ್ನು ರಸೀದಿ ಕೇಳುವುದೆಂದರೇನು? ಅವರು ಎಲೆಅಡಿಕೆ ಕೊಟ್ಟರು, ಇವಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ನಮ್ಮ ಕಡೆ ಅದೇ ಕರಾರು. ಊರವರ ಅರ್ಜಿಗೆಲ್ಲ ಮೂರು ಮೂರು ಝೆರಾಕ್ಸ್ ತೆಗೆಸುವ ನಾನೂ ಎಲೆ ಮಡಚಿ ಬಾಯಿಗೆ ಹಾಕಿಕೊಂಡೆ.

ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಕಲ್ಲುಗಳೇ ಇಲ್ಲ, ಮೆಕ್ಕೆಜೋಳ ಮೊಣಕಾಲೆತ್ತರ ಬೆಳೆದು ನಿಂತಿದೆ. "ಮಾರಾಕ ಅವಂಗ ಯಾರು ಹೇಳ್ಯಾರ? ಹೊಲ ನಮ್ಮದೈತಿ" ಎಂದ ಹೊಲದವನು. ಬೀಗರ ಫೋನು ಸ್ವಿಚ್ ಆಫ್ ಆಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ಕಡೆ ವಿಚಾರಿಸಿದೆ. ಸೈಟು-ಮನೆ ವ್ಯವಹಾರದ ಮೇಲೆ ಕಣ್ಣಿಡುವ ರೇರಾ ಪ್ರಾಧಿಕಾರದಲ್ಲಿ ದಲ್ಲಾಳಿಗಳೂ ನೋಂದಣಿ ಮಾಡಿಸಿರಬೇಕಂತೆ, ಮೋಸವಾದರೆ ಆನ್‌ಲೈನಿನಲ್ಲೇ ದೂರು ಹಾಕಬಹುದಂತೆ, ಗ್ರಾಹಕರ ಕೋರ್ಟಿದೆಯಂತೆ, ಪೊಲೀಸರಂತೂ ಇದ್ದೇ ಇದ್ದಾರೆ. ಅಕ್ಕನನ್ನು ಕರೆಸಿಕೊಂಡು ಕೊಟ್ಟೂರಿನ ಕಂಪ್ಯೂಟರ್ ಸೆಂಟರಿಗೆ ಹೋದೆ. ಹಿಂದೆ ಟೈಪಿಂಗ್ ಕಲಿಸುತ್ತಿದ್ದ ಸಾಹೇಬರೊಬ್ಬರ ಅಂಗಡಿ ಅದು. ಅಕ್ಕನ ಹೆಸರು, ವಿಳಾಸ, ಸೈಟಿನ ಜಾಗ ಎಲ್ಲ ತುಂಬಿಸಿದರು. ರಸೀದಿ ಇಲ್ಲ ಎಂದಾಗ ಅವರ ಮುಖ ಸಪ್ಪಗಾಯಿತು. ಆದರೂ, "ಇರ್ಲಿ, ಇದ್ದಷ್ಟು ಹಾಕೂಣು" ಎಂದರು. ಆಮೇಲೆ ಕೇಳಿದರು, "ಏಜೆಂಟರ ಹೆಸರು ಹೇಳ್ರಿ ಅಕ್ಕಾರ."

ನಾನು ಅಕ್ಕನ ಮುಖ ನೋಡಿದೆ. ಬೀಗರನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿಲ್ಲ. ನನ್ನ ಫೋನಿನಲ್ಲೂ 'ಸೈಟಿನ ಬೀಗರು' ಅಂತಲೇ ಇತ್ತು.

"ಗೊತ್ತಿಲ್ಲ" ಎಂದಳು ಅಕ್ಕ. ಮಗಳ ಗಂಡನ ಕಡೆಯವರು ಎಂದಷ್ಟೇ ನಾನು ಹೇಳಿದೆ.

"ಹೆಸರಿಲ್ದ ಯಾರ ಮ್ಯಾಲೆ ದೂರು ಕೊಡ್ತೀರಿ? ಮಗಳಿಗೆ ಫೋನ್ ಹಚ್ಚಿ ಕೇಳ್ರಿ" ಎಂದರು ಸಾಹೇಬರು. ಫೋನು ತೆಗೆದ ನನ್ನ ಕೈಯನ್ನು ಅಕ್ಕ ಅದುಮಿ ಹಿಡಿದಳು. ದಾರ ಎಳೆದೆಳೆದು ಗಟ್ಟಿಯಾದ ಬೆರಳುಗಳು ಅವು, ಬಿಡಿಸಿಕೊಳ್ಳಲು ನನ್ನಿಂದಾಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಹಡಗಲಿ ಬಸ್ಸಿಗೆ ಕಾಯುವಾಗ ಅವಳೇ ಬಾಯಿಬಿಟ್ಟಳು. "ಹೆಸರು ಗೊತ್ತೈತಿ. ಮಗಳ ಲಗ್ನದ ಕಾರ್ಡಿನ್ಯಾಗ ಐತಿ. ಅದನ್ನ ಬರದಿ ಅಂದ್ರ ನಾಳೇನ ಆಕಿನ್ನ ತವರಿಗೆ ಅಟ್ತಾರ. ಯಾವ ತವರಿಗೆ ಬರಬೇಕಲೇ ಆಕಿ? ಬಾಡಿಗಿ ಮನಿಗಾ?"

ಮನೆಗೆ ಬಂದು ಟ್ರಂಕಿನಿಂದ ಕಾರ್ಡು ತೆಗೆದೆ. 'ಸುಖಾಗಮನ ಬಯಸುವವರು' ಎಂಬಲ್ಲಿ ಮೂರನೆಯ ಹೆಸರು, ಊರಿನ ಸಮೇತ ಇತ್ತು. ಆ ಕಾರ್ಡಿನ ಒಕ್ಕಣೆ ಬರೆದವಳು ನಾನೇ. ಒಂದು ಅಕ್ಷರ ತಪ್ಪಾಗದಂತೆ ಎರಡು ಸಲ ಪ್ರೂಫ್ ನೋಡಿದವಳೂ ನಾನೇ. ಅಂಗಡಿಯಲ್ಲಿ ಆ ಹೆಸರು ಮರೆತಿದ್ದೆನೋ, ಮರೆತವಳಂತೆ ಕೂತಿದ್ದೆನೋ, ಈಗ ಹೇಳಲಾರೆ.

ದೂರು ಇನ್ನೂ ಸಾಹೇಬರ ಕಂಪ್ಯೂಟರಿನಲ್ಲಿ ಅರ್ಧಕ್ಕೇ ಇದೆ. ಕಾರ್ಡನ್ನು ಕೈಚೀಲದಲ್ಲಿಟ್ಟುಕೊಂಡು ದಿನವೂ ಅವರ ಅಂಗಡಿಯ ಮುಂದೆಯೇ ಹಾದು ಕಾಲೇಜಿಗೆ ಹೋಗುತ್ತೇನೆ. ಬರೆದರೆ ಮಗಳ ಬಾಳು ಹೋಗುತ್ತದೆ, ಬರೆಯದಿದ್ದರೆ ಅಕ್ಕನಿಗೆ ಬಾಗಿಲಿಲ್ಲ. ಓಣಿಯ ಹೆಂಗಸರು ಅರ್ಜಿ ಹಿಡಿದು ಬಂದರೆ ಈಗ ನನಗೆ ನಾಚಿಕೆಯಾಗುತ್ತದೆ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಇದ್ದ ಮನೆ ಖಾಲಿ ಮಾಡಲು ಹೇಳಿದ್ದಾರಂತೆ, ಹಿಂದಿನ ಓಣಿಯಲ್ಲಿ ಬೇರೆ ನೋಡಿಕೊಂಡಿದ್ದಾಳಂತೆ. ಹೇಗಿದೆ ಮನೆ ಎಂದು ಕೇಳಿದೆ.

"ಸಣ್ಣದೈತಿ" ಎಂದಳು. "ಆದ್ರ ಎದುರಿಗೇ ಲೈಟಿನ ಕಂಬ ಐತಿ. ನನ್ನ ಕುಂದ್ರಸಾಕ ನಿಮಗ ತ್ರಾಸ ಆಗಂಗಿಲ್ಲ."