ಬಯಲುದೇರು ಮೇಷ್ಟ್ರು

ವೆಂಕಟರವಣಪ್ಪ ಮೇಷ್ಟ್ರ ಬಲಗೈ ಮೊಣಕೈವರೆಗೆ ಸದಾ ಬೆಳ್ಳಗಿರುತ್ತಿತ್ತು. ಮದುವೆಮನೆಗೆ ಇಸ್ತ್ರಿ ಶರಟು ಹಾಕಿಕೊಂಡು ಬಂದರೂ ಉಗುರಿನ ಸಂದಿಯಲ್ಲಿ ಸುಣ್ಣ. ತಳಕ್ಕೆ ಮೊಳೆಯಿಂದ ತೂತು ಹೊಡೆದ ಹಾಲಿನ ಪುಡಿ ಡಬ್ಬವೇ ಅವರ ಆಸ್ತಿ. ಅದರಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಚಿಂತಾಮಣಿಯಿಂದಾಚೆ ಮದನಪಲ್ಲಿ ರಸ್ತೆ ಕಡೆಯ ಬಯಲಿನಲ್ಲಿ ದಿನಾ ಬೆಳಿಗ್ಗೆ ಓಟದ ಗೆರೆ ಹಾಕುತ್ತಿದ್ದರು. ಓಡಲು ಮಕ್ಕಳು ಬಂದರೂ ಸರಿ, ಬಾರದಿದ್ದರೂ ಸರಿ. ಬಾರದ ದಿನಗಳೇ ಹೆಚ್ಚು.

ಅವರು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು. ಬೇರೆ ಕಡೆ ಓಟ ಶುರುಮಾಡಲು ರೆಡಿ, ಸ್ಟೆಡಿ ಅಂತ ಏನೇನೋ ಹೇಳುತ್ತಾರೆ. ನಮ್ಮ ಮೇಷ್ಟ್ರದು ಒಂದೇ ಕೂಗು: "ಬಯಲುದೇರು!" ತೆಲುಗಿನಲ್ಲಿ ಹಾಗೆಂದರೆ ಹೊರಡು ಎಂದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ನಮಗೆ ಅದರಲ್ಲಿ ವಿಶೇಷವೇನೂ ಕಾಣಿಸಿರಲಿಲ್ಲ. ಒಂದು ದಿನ ಅವರೇ ಬಿಡಿಸಿ ಹೇಳಿದರು: "ನೋಡಮ್ಮ ಸುಜಾತ, ಕನ್ನಡದಲ್ಲಿ ಬಯಲು ಅಂದ್ರೆ ಮೈದಾನ. ತೆಲುಗಲ್ಲಿ ಹೊರಡೋಕೂ ಬಯಲೇ ಬೇಕು. ಬಯಲಿಲ್ದೆ ಎಲ್ಲಿಗೆ ಹೊರಡ್ತೀಯ?"

ಓಡುವಾಗ ಪಕ್ಕದವಳನ್ನು ನೋಡುವುದು ನನ್ನ ಚಾಳಿ. "ಅವ್ಳೇನು ನಿನ್ ನಾದಿನೀನಾ, ಹಂಗ್ ನೋಡ್ತೀಯಲ್ಲ? ಗೆರೆ ನೋಡಮ್ಮ!" ಎಂದು ಗದರುತ್ತಿದ್ದರು. ಶಿಡ್ಲಘಟ್ಟದ ಪಂದ್ಯದಲ್ಲಿ ಪಕ್ಕ ನೋಡಿಯೇ ನಾಲ್ಕನೆಯವಳಾದೆ. ಅಳುತ್ತ ಕೂತವಳ ಕೈಗೆ ಬನ್ನು ಕೊಟ್ಟು, "ಮೂರನೇದೋರಿಗೆ ಬರೀ ಸರ್ಟಿಫಿಕೇಟು ಕಣಮ್ಮ. ನಾಲ್ಕನೇದೋರಿಗೆ ಬನ್ನು" ಅಂದರು. ಬನ್ನಿನ ಮೇಲೂ ಸುಣ್ಣದ ಬೆರಳಚ್ಚಿತ್ತು. ಒರೆಸಿಕೊಂಡು ತಿಂದೆ.

ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಇದ್ದದ್ದು ಒಂದೇ ಆಸೆ: ಆ ಬಯಲಿನಲ್ಲಿ ಸರ್ಕಾರದ ಅನುದಾನದಿಂದ ಓಟದ ಟ್ರ್ಯಾಕ್ ಆಗಬೇಕು. ವರ್ಷವೂ ಅರ್ಜಿ ಬರೆದರು, ವರ್ಷವೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. "ನಾನು ರಿಟೈರಾದೆ, ಪರಿಶೀಲನೆ ಇನ್ನೂ ಸರ್ವೀಸಲ್ಲೈತೆ" ಎಂದು ನಗುತ್ತಿದ್ದರು.

ನಾನು ಚಿಕ್ಕಬಳ್ಳಾಪುರದಲ್ಲಿ ಪ್ರವಾಸೋದ್ಯಮ ಇಲಾಖೆಯ ಕಚೇರಿ ಕೆಲಸಕ್ಕೆ ಸೇರಿದೆ. ಗಡಿಯಾಚೆಯ ಆಂಧ್ರದವರನ್ನು ನಮ್ಮ ಬೆಟ್ಟ, ದೇವಸ್ಥಾನಗಳತ್ತ ಸೆಳೆಯಲು ತೆಲುಗಿನಲ್ಲೊಂದು ಕರಪತ್ರ ಮಾಡಬೇಕೆಂದು ಮೇಲಿನವರು ತೀರ್ಮಾನಿಸಿದಾಗ, ತೆಲುಗು ಬರೆಯಬಲ್ಲವಳು ನಾನೊಬ್ಬಳೇ ಆಗಿದ್ದೆ. ಮೇಷ್ಟ್ರಿಗೆ ಸುದ್ದಿ ಹೇಗೆ ಮುಟ್ಟಿತೋ ಕಾಣೆ, ಬಸ್ಸು ಹತ್ತಿ ಬಂದೇಬಿಟ್ಟರು.

"ದೇವ್ರು ನೋಡೋಕೆ ಬರೋರು ಮಧ್ಯಾಹ್ನಕ್ಕೆ ವಾಪಸ್ ಹೋಗ್ತಾರೆ. ಓಡೋ ಮಕ್ಕಳು ಬಂದ್ರೆ ಮೂರು ದಿನ ಇರ್ತಾರೆ, ಅಪ್ಪ ಅಮ್ಮನ್ನೂ ಕರ್ಕೊಂಡ್ ಬರ್ತಾರೆ. ಜನ ಬಂದ್ರೆ ಟ್ರ್ಯಾಕೂ ಬರತ್ತೆ. ಒಂದೇ ಒಂದ್ ಸಾಲು ಬರಿಯಮ್ಮ."

ಬರೆದೆ. ಚಿಂತಾಮಣಿಯಲ್ಲಿ ಓಟಗಾರರಿಗೆ ವಿಶಾಲವಾದ ಬಯಲಿದೆ ಎಂದು. ಕೆಳಗೆ ವಿಚಾರಿಸಲು ನನ್ನದೇ ಫೋನ್ ನಂಬರು.

ಆ ಸಾಲು ಓದಿ ಮದನಪಲ್ಲಿಯಿಂದ ಒಂದು ವ್ಯಾನು ತುಂಬ ಹುಡುಗಿಯರು ನಿಜಕ್ಕೂ ಬಂದರು! ಮೇಷ್ಟ್ರು ಎರಡು ದಿನ ಬಗ್ಗಿ ಕಲ್ಲು ಆರಿಸಿ, ಎಂಟು ಗೆರೆ ಎಳೆದು, ಬಿಳಿ ಪ್ಯಾಂಟು ತೊಟ್ಟು ನಿಂತಿದ್ದರು. "ಬಯಲುದೇರು" ಎಂದಾಗ ಆ ಮಕ್ಕಳಿಗೆ ಅರ್ಥ ಹೇಳಬೇಕಾಗಲಿಲ್ಲ. ಅಷ್ಟು ಗಟ್ಟಿಯಾಗಿ ಅವರು ಕೂಗಿದ್ದನ್ನು ನಾನು ಮತ್ತೆ ಕೇಳಲಿಲ್ಲ.

ಅದೇ ಸಾಲು ಓದಿ ಅಧಿಕಾರಿಗಳೂ ಬಂದರು. ಬಯಲು ಅವರಿಗೂ ಹಿಡಿಸಿತು. ಟೂರಿಸ್ಟ್ ಬಸ್ಸು ನಿಲ್ಲಿಸಲು ಹೇಳಿ ಮಾಡಿಸಿದ ಜಾಗ ಅಂದರು. ಟ್ರ್ಯಾಕಿಗೆಂದು ಕೊನೆಗೂ ಮಂಜೂರಾಗಿದ್ದ ಅನುದಾನ ಸ್ವಾಗತದ ಕಮಾನಿಗೂ ಸಿಮೆಂಟಿನ ನೆಲಕ್ಕೂ ಹೋಯಿತು. ಕಡತ ನನ್ನ ಮೇಜನ್ನು ಹಾದೇ ಮುಂದೆ ಹೋದದ್ದು. ಮೇಷ್ಟ್ರಿಗೊಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಹೇಡಿತನ, ಬೇರೆ ಹೆಸರು ಅದಕ್ಕಿಲ್ಲ. ಒಂದು ವರ್ಷ ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಕೊನೆಗೊಂದು ಭಾನುವಾರ ಹೋದೆ. ಸಾಲಾಗಿ ನಿಂತ ಬಸ್ಸುಗಳ ನಡುವೆ ಅದೇ ಡಬ್ಬ ಹಿಡಿದು ಮೇಷ್ಟ್ರು ಬಗ್ಗಿದ್ದರು. ತೀರಾ ಇಳಿದುಹೋಗಿದ್ದರು.

"ಬಸ್ ನಿಲ್ಲೋಕೆ ಗೆರೆ ಬೇಕಂತಮ್ಮ. ಕೈಯೂ ಸುಮ್ನಿರಲ್ಲ, ಹಾಕ್ತಾ ಇದೀನಿ."

ಗೆರೆಗಳನ್ನು ನೋಡಿದೆ. ಅವು ನೆಟ್ಟಗೆ ಹೋಗಿ, ಕೊನೆಯಲ್ಲಿ ಎಂಟೂ ಒಟ್ಟಿಗೆ ಎಡಕ್ಕೆ ಬಾಗಿದ್ದವು, ಟ್ರ್ಯಾಕಿನ ತಿರುವಿನ ಹಾಗೆ. ಯಾವ ಬಸ್ಸೂ ಹಾಗೆ ನಿಲ್ಲುವುದಿಲ್ಲ. ಡ್ರೈವರುಗಳು ಗೆರೆ ತುಳಿದುಕೊಂಡು ಬೀಡಿ ಸೇದುತ್ತಿದ್ದರು.

"ಸಾರ್, ಆ ಸಾಲು ನಾನು ಬರೀಬಾರ್ದಿತ್ತು" ಅಂದೆ.

"ಬರಿ ಅಂದೋನು ನಾನಲ್ವೇನಮ್ಮ? ಹೋಗ್ಲಿ ಬಿಡು." ಡಬ್ಬ ತಟ್ಟಿ ಬುಡದ ಪುಡಿ ಉದುರಿಸಿದರು. "ನೀನ್ ಬರ್ತಿರಬೋದಿತ್ತು. ಬೆಳಿಗ್ಗೆ ಯಾರೂ ಇರಲ್ಲ."

ಬಸ್ಸಿನ ಹೊತ್ತಾಯಿತೆಂದು ಸುಳ್ಳು ಹೇಳಿದೆ. ಅವರು ತಲೆಯಾಡಿಸಿ, ಮೆಲ್ಲಗೆ "ಬಯಲುದೇರಮ್ಮ" ಅಂದರು. ಅವತ್ತು ನಾನು ಪಕ್ಕ ನೋಡಲಿಲ್ಲ, ಹಿಂದೆಯೂ ನೋಡಲಿಲ್ಲ.

ಸಂಕ್ರಾಂತಿ ಕಳೆದು ವಾರಕ್ಕೆ ಮೇಷ್ಟ್ರು ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಿಮೆಂಟಿನ ಮೇಲಿನ ಸುಣ್ಣ ಎರಡು ಮಳೆಗೆ ಹೋಯಿತು.

ಕರಪತ್ರ ಮಾತ್ರ ಗಡಿಯಾಚೆ ಇನ್ನೂ ಕೈಯಿಂದ ಕೈಗೆ ಹೋಗುತ್ತಿದೆ. ಕಳೆದ ವಾರ ಕಚೇರಿಯಲ್ಲಿದ್ದಾಗ ಫೋನು ಬಂತು. ಆಚೆಯ ಯಾವುದೋ ಹಳ್ಳಿ ಶಾಲೆಯ ಮೇಡಂ. ಓಡುವ ಹುಡುಗಿಯರಿದ್ದಾರೆ, ಅಲ್ಲಿ ಬಯಲಿದೆಯಂತಲ್ಲ ಎಂದು ತೆಲುಗಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಖುಷಿಯಾಗಿ ಮುಂದುವರಿಸಿದರು.

"ಪಿಲ್ಲಲು ರೆಡೀಗಾ ಉನ್ನಾರು ಮೇಡಂ. ಎಪ್ಪುಡು ಬಯಲುದೇರಮಂಟಾರು?"

ಮಕ್ಕಳು ಸಿದ್ಧರಾಗಿದ್ದಾರೆ, ಯಾವಾಗ ಹೊರಡಲಿ ಎಂದು. ಆ ಮಾತು ಕಿವಿಗೆ ಬಿದ್ದರೆ ಓಡುವುದೊಂದೇ ನನಗೆ ಗೊತ್ತಿದ್ದದ್ದು. ಫೋನು ಹಿಡಿದುಕೊಂಡು ನಿಂತೇ ಇದ್ದೆ.